ಇಡಿ ಗೊತ್ತು, ಬಿಡಿ ಗೊತ್ತಿಲ್ಲ: ಕ್ವಾಂಟಂ ಹೆಣಿಗೆಯನ್ನು ಅಳೆಯಲು ಹಿಡಿದ ಎಂಬತ್ತು ವರ್ಷ

1935ರ ಆಗಸ್ಟ್ ತಿಂಗಳಲ್ಲಿ ಬರ್ಲಿನ್ನಿನ ವಿಜ್ಞಾನ ಪತ್ರಿಕೆಯೊಂದರ ಸಂಪಾದಕರನ್ನು ಕೆಲಸದಿಂದ ತೆಗೆದುಹಾಕಲಾಯಿತು. ಹೆಸರು ಆರ್ನಾಲ್ಡ್ ಬೆರ್ಲಿನರ್. ವಯಸ್ಸು ಎಪ್ಪತ್ತೆರಡು. 'ಡಿ ನಾಟೂರ್‌ವಿಸ್ಸೆನ್‌ಶಾಫ್ಟನ್' ಎಂಬ ಆ ಪತ್ರಿಕೆಯನ್ನು 1913ರಲ್ಲಿ ಆರಂಭಿಸಿ, ಇಪ್ಪತ್ತೆರಡು ವರ್ಷ ಬೆಳೆಸಿದವರು ಅವರೇ. ಜರ್ಮನಿಯ ದೊಡ್ಡ ವಿಜ್ಞಾನಿಗಳೆಲ್ಲ ಅದರಲ್ಲಿ ಬರೆಯುತ್ತಿದ್ದರು. ಬೆರ್ಲಿನರ್ ಯಹೂದಿ ಎಂಬುದೊಂದೇ ಅವರನ್ನು ತೆಗೆಯಲು ಇದ್ದ ಕಾರಣ.

ಆ ಹೊತ್ತಿಗೆ ಅವರಿಗಾಗಿ ಒಂದು ದೀರ್ಘ ಲೇಖನ ಸಿದ್ಧವಾಗುತ್ತಿತ್ತು. ಬರೆಯುತ್ತಿದ್ದವರು ಎರ್ವಿನ್ ಶ್ರೋಡಿಂಗರ್. ಸಂಪಾದಕರಿಗಾದ ಅವಮಾನವನ್ನು ಕೇಳಿ ಲೇಖನವನ್ನೇ ಹಿಂತೆಗೆದುಕೊಳ್ಳುವ ಯೋಚನೆ ಶ್ರೋಡಿಂಗರ್ ಅವರಿಗೆ ಬಂತು. ಬೇಡ, ಪ್ರಕಟವಾಗಲಿ ಎಂದು ಒತ್ತಾಯಿಸಿದವರು ಕೆಲಸ ಕಳೆದುಕೊಂಡ ಬೆರ್ಲಿನರ್ ಅವರೇ. ಹಾಗಾಗಿ ಅದು ನವೆಂಬರ್ ಕೊನೆ ಮತ್ತು ಡಿಸೆಂಬರ್‌ನಲ್ಲಿ ಮೂರು ಕಂತುಗಳಾಗಿ ಅಚ್ಚಾಯಿತು. ಪೆಟ್ಟಿಗೆಯೊಳಗೆ ಸತ್ತೂ ಇಲ್ಲದ ಬದುಕಿಯೂ ಇಲ್ಲದ ಬೆಕ್ಕಿನ ಕಥೆ ಈಗ ಶಾಲಾ ಮಕ್ಕಳಿಗೂ ಗೊತ್ತು; ಅದು ಬಂದದ್ದು ಈ ಲೇಖನದಲ್ಲಿ. ಆದರೆ ಬೆಕ್ಕಿಗಿಂತ ಮುಖ್ಯವಾದ ಇನ್ನೊಂದು ಅದರಲ್ಲಿತ್ತು. 'ಫೆರ್‌ಶ್ರೆಂಕುಂಗ್' ಎಂಬ ಒಂದು ಪದ. ಅದೇ ವರ್ಷ ಇಂಗ್ಲಿಷಿನಲ್ಲಿ ಬರೆದ ಇನ್ನೊಂದು ಲೇಖನದಲ್ಲಿ ಶ್ರೋಡಿಂಗರ್ ಅದನ್ನು 'ಎಂಟ್ಯಾಂಗಲ್‌ಮೆಂಟ್' ಎಂದರು. ಬೆರ್ಲಿನರ್ 1942ರಲ್ಲಿ, ನಾಜಿಗಳು ತಮ್ಮನ್ನು ಶಿಬಿರಕ್ಕೆ ಸಾಗಿಸುವ ಮೊದಲೇ, ಆತ್ಮಹತ್ಯೆ ಮಾಡಿಕೊಂಡರು. ಅವರ ಹೆಸರು ಭೌತಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಕಾಣುವುದಿಲ್ಲ.

ಈ ಪದ ಹುಟ್ಟಿದ ಹಿನ್ನೆಲೆಯಲ್ಲಿ ದೇಶ ಬಿಟ್ಟವರಿದ್ದಾರೆ. ಐನ್‌ಸ್ಟೀನ್ 1933ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಸೇರಿದ್ದರು. ಅಲ್ಲಿ ಪೊಡೋಲ್‌ಸ್ಕಿ ಮತ್ತು ರೋಸೆನ್ ಜೊತೆ ಸೇರಿ 1935ರ ಮೇ ತಿಂಗಳಲ್ಲಿ ಪ್ರಕಟಿಸಿದ ಲೇಖನ ಕ್ವಾಂಟಂ ಸಿದ್ಧಾಂತ ಅಪೂರ್ಣ ಎಂದು ವಾದಿಸಿತು. ಅದಕ್ಕೆ ಪ್ರತಿಕ್ರಿಯೆಯಾಗಿಯೇ ಶ್ರೋಡಿಂಗರ್ ಬರೆದದ್ದು. ಯಹೂದಿಯಲ್ಲದ ಶ್ರೋಡಿಂಗರ್‌ಗೆ ಬರ್ಲಿನ್ ಬಿಡಬೇಕಾದ ಒತ್ತಡವಿರಲಿಲ್ಲ. ನಾಜಿಗಳ ಬಗ್ಗೆ ಹೇಸಿಗೆಪಟ್ಟು 1933ರಲ್ಲಿ ಆಕ್ಸ್‌ಫರ್ಡ್‌ಗೆ ಹೋದರು. ಅತ್ತ ಲೆನಾರ್ಡ್, ಸ್ಟಾರ್ಕ್ ಎಂಬ ಇಬ್ಬರು ನೊಬೆಲ್ ವಿಜೇತರೇ 'ಆರ್ಯ ಭೌತಶಾಸ್ತ್ರ'ದ ಬಾವುಟ ಹಿಡಿದು ಸಾಪೇಕ್ಷತೆಯನ್ನು ಯಹೂದಿ ವಿಜ್ಞಾನವೆಂದು ಹೀಗಳೆಯುತ್ತಿದ್ದರು. ಹಾಗೆಂದು ಶ್ರೋಡಿಂಗರ್ ಅವರನ್ನು ವೀರನನ್ನಾಗಿ ಮಾಡಬೇಕಿಲ್ಲ. 1938ರಲ್ಲಿ ಆಸ್ಟ್ರಿಯಾ ಹಿಟ್ಲರನ ವಶವಾದಾಗ ಕೆಲಸ ಉಳಿಸಿಕೊಳ್ಳಲು ಅವರೇ ಹೊಸ ಪ್ರಭುಗಳಿಗೆ ನಿಷ್ಠೆ ತೋರುವ ಪತ್ರವೊಂದನ್ನು ಪತ್ರಿಕೆಯಲ್ಲಿ ಪ್ರಕಟಿಸಿದರು. ಕೆಲಸವೂ ಉಳಿಯಲಿಲ್ಲ, ಕೊನೆಗೆ ಓಡಿಹೋಗಿ ಡಬ್ಲಿನ್ ಸೇರಬೇಕಾಯಿತು.

ಇನ್ನು ಆ ಪದದ ಅರ್ಥಕ್ಕೆ ಬರೋಣ. ಕನ್ನಡದಲ್ಲಿ ಇದನ್ನು 'ತೊಡಕು' ಎಂದವರಿದ್ದಾರೆ. ತೊಡಕು ಎಂದರೆ ಬಿಡಿಸಬೇಕಾದದ್ದು ಎಂಬ ಭಾವ ಬರುತ್ತದೆ. ನಾನು 'ಹೆಣಿಗೆ' ಎಂದು ಬಳಸುತ್ತೇನೆ. ಒಂದು ಮನೆಯ ತಿಂಗಳ ಲೆಕ್ಕ ಪೂರ್ತಿ ನಮಗೆ ಗೊತ್ತಿದ್ದರೆ, ಅಡುಗೆಮನೆಗೆ ಎಷ್ಟು ಖರ್ಚಾಯಿತು ಎಂಬುದೂ ಗೊತ್ತೇ ಇರುತ್ತದೆ. ಇಡಿಯನ್ನು ಬಲ್ಲವನು ಬಿಡಿಯನ್ನೂ ಬಲ್ಲ. ನಮ್ಮ ನಿತ್ಯದ ಲೋಕದಲ್ಲಿ ಇದಕ್ಕೆ ಅಪವಾದವಿಲ್ಲ. ಶ್ರೋಡಿಂಗರ್ ಕಂಡುಕೊಂಡದ್ದು, ಪರಮಾಣುಗಳ ಲೋಕದಲ್ಲಿ ಈ ಮಾತು ಸುಳ್ಳಾಗುತ್ತದೆ ಎಂಬುದನ್ನು. ಎರಡು ಕಣಗಳು ಒಮ್ಮೆ ಪರಸ್ಪರ ವ್ಯವಹರಿಸಿ ದೂರ ಸರಿದ ಮೇಲೆ, ಜೋಡಿಯ ಬಗ್ಗೆ ತಿಳಿಯಬಹುದಾದ ಎಲ್ಲವೂ ನಮಗೆ ತಿಳಿದಿರಬಹುದು; ಆದರೂ ಆ ಎರಡರಲ್ಲಿ ಒಂದೊಂದರ ಬಗ್ಗೆ ಏನೇನೂ ತಿಳಿಯದೇ ಇರಬಹುದು. ಇದು ನಮ್ಮ ದಡ್ಡತನದಿಂದ ಆದದ್ದಲ್ಲ. ತಿಳಿಯಲು ಅಲ್ಲಿ ಬೇರೆ ಏನೂ ಇಲ್ಲ. ಮಾಹಿತಿಯೆಲ್ಲ ಇರುವುದು ಕಣಗಳ ಒಳಗಲ್ಲ, ಅವುಗಳ ನಡುವೆ. ಕ್ವಾಂಟಂ ಸಿದ್ಧಾಂತವನ್ನು ಹಳೆಯ ಭೌತಶಾಸ್ತ್ರದಿಂದ ಬೇರೆ ಮಾಡುವ ಗುಣ ಇದೇ ಎಂದು ಅವರು ಆಗಲೇ ಗುರುತಿಸಿದ್ದರು.

ಮುಂದಿನ ಐವತ್ತು ವರ್ಷ ನಡೆದದ್ದು 'ಇದೆಯೋ ಇಲ್ಲವೋ' ಎಂಬ ವಿಚಾರಣೆ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಚೀನಾ ಮೂಲದ ಮಹಿಳಾ ವಿಜ್ಞಾನಿ ಚಿಯೆನ್ ಶಿಯುಂಗ್ ವೂ ಅವರು ಶಾಕ್ನೋವ್ ಜೊತೆ 1950ರಲ್ಲಿ ಪ್ರಕಟಿಸಿದ ಪ್ರಯೋಗ ಈ ದಾರಿಯ ಮೊದಲ ಕುರುಹು. 1964ರಲ್ಲಿ ಬೆಲ್‌ಫಾಸ್ಟಿನ ಜಾನ್ ಬೆಲ್ ಒಂದು ಗಣಿತದ ಮಿತಿಯನ್ನು ತೋರಿಸಿದರು. ಕಣಗಳು ಮೊದಲೇ ಗುಟ್ಟಾಗಿ ಉತ್ತರಗಳನ್ನು ಹೊತ್ತುಕೊಂಡು, ಒಂದರ ಮೇಲೊಂದು ಪ್ರಭಾವ ಬೀರದೆ ಹೊರಟಿದ್ದರೆ ಈ ಮಿತಿ ದಾಟುವಂತಿಲ್ಲ, ಹೆಣೆದುಕೊಂಡಿದ್ದರೆ ದಾಟಬಹುದು. 1972ರಲ್ಲಿ ಫ್ರೀಡ್‌ಮನ್ ಮತ್ತು ಕ್ಲಾಸರ್, 1982ರಲ್ಲಿ ಫ್ರಾನ್ಸಿನ ಆಸ್ಪೆ ಬಳಗ ಪ್ರಯೋಗ ಮಾಡಿ ನೋಡಿದರು. ಮಿತಿ ದಾಟಿತ್ತು. ಕ್ಲಾಸರ್, ಆಸ್ಪೆ, ಜೈಲಿಂಗರ್ ಮೂವರಿಗೂ 2022ರಲ್ಲಿ ನೊಬೆಲ್ ಬಂದದ್ದು ಈ ಸಾಲಿನ ಕೆಲಸಕ್ಕೆ.

ಇಲ್ಲಿ ಒಂದು ಮಾತು. ಹೆಣಿಗೆಯನ್ನು ಬಳಸಿ ಬೆಳಕಿಗಿಂತ ವೇಗವಾಗಿ ಸಂದೇಶ ಕಳಿಸಲು ಬರುವುದಿಲ್ಲ, ಮನಸ್ಸಿನಿಂದ ಮನಸ್ಸಿಗೆ ಮಾತಾಡಲೂ ಬರುವುದಿಲ್ಲ. ಆದರೂ ಇದೆಲ್ಲ ನಮ್ಮ ಗ್ರಂಥಗಳಲ್ಲಿ ಮೊದಲೇ ಇತ್ತು ಎನ್ನುವ ಭಾಷಣಗಳು ನಡೆಯುತ್ತಲೇ ಇರುತ್ತವೆ. ಉಪನಿಷತ್ತಿನ ಹೆಸರಿನಲ್ಲಿ ಹೇಳುವವರಿದ್ದಾರೆ. ಕುರ್‌ಆನಿನ ಹೆಸರಿನಲ್ಲಿ ಹೇಳುವ ನಮ್ಮವರೂ ಕಡಿಮೆಯೇನಿಲ್ಲ. ಧರ್ಮಗ್ರಂಥಕ್ಕೂ ಇದರಿಂದ ಗೌರವ ಹೆಚ್ಚುವುದಿಲ್ಲ, ವಿಜ್ಞಾನಕ್ಕೂ ಉಪಕಾರವಿಲ್ಲ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ದುಡಿದ ಇಬ್ನುಲ್ ಹೈಸಮ್ ಸಾವಿರ ವರ್ಷಗಳ ಹಿಂದೆ ಬೆಳಕಿನ ಬಗ್ಗೆ ಬರೆಯುವಾಗ ಹಿರಿಯರ ಮಾತನ್ನು ನಂಬಿ ಕೂರದೆ ಕತ್ತಲೆ ಕೋಣೆಯಲ್ಲಿ ತಾವೇ ಪರೀಕ್ಷಿಸಿ ನೋಡಿದರು. ನಮ್ಮ ಭಾಷಣಕಾರರು ಅವರ ಹೆಸರನ್ನು ಹೇಳುತ್ತಾರೆ, ಕತ್ತಲೆ ಕೋಣೆಗೆ ಹೋಗುವುದಿಲ್ಲ.

ಇರಲಿ. ಎರಡು ಕಣಗಳ ಮಟ್ಟಿಗೆ 'ಇದೆ' ಎಂದು ತೀರ್ಮಾನವಾಯಿತು. ಆದರೆ ಒಂದು ಲೋಹದ ತುಂಡಿನಲ್ಲಿ, ಒಂದು ಅಯಸ್ಕಾಂತದಲ್ಲಿ ಇರುವುದು ಎರಡು ಕಣವಲ್ಲ, ಅಸಂಖ್ಯಾತ. ಅಲ್ಲಿ ಕೇಳಬೇಕಾದ ಪ್ರಶ್ನೆ 'ಎಷ್ಟಿದೆ' ಎಂಬುದು. ಹೆಣಿಗೆಗೆ ಅಳತೆಗೋಲು ಯಾವುದು?

ಅಳತೆಗೋಲನ್ನು ಫಾನ್ ನಾಯ್ಮನ್ 1927ರಲ್ಲೇ ಕೊಟ್ಟಿದ್ದರು, ಬೇರೆ ಉದ್ದೇಶಕ್ಕೆ. (ಅವರೂ ಯಹೂದಿ, ಅವರೂ ಜರ್ಮನಿ ಬಿಟ್ಟು ಪ್ರಿನ್ಸ್‌ಟನ್ ಸೇರಿದವರು.) ಒಂದು ವ್ಯವಸ್ಥೆಯ ಬಗ್ಗೆ ನಮಗಿರುವ ಅನಿಶ್ಚಿತತೆಯನ್ನು ಅಳೆಯುವ ಎಂಟ್ರೊಪಿ ಎಂಬ ಸಂಖ್ಯೆ ಅದು. ಇಡೀ ವ್ಯವಸ್ಥೆ ಪೂರ್ಣವಾಗಿ ತಿಳಿದಿದ್ದರೆ ಅದರ ಎಂಟ್ರೊಪಿ ಸೊನ್ನೆ. ಅಂಥ ಸ್ಥಿತಿಯನ್ನು 'ಶುದ್ಧ' ಎನ್ನುತ್ತಾರೆ. (ಇದು ಗಣಿತದ ಶುದ್ಧ. 1935ರ ಬರ್ಲಿನ್ನಿನಲ್ಲಿ ಆ ಪದಕ್ಕಿದ್ದ ಅರ್ಥ ಬೇರೆ.) ಈಗ ಅದರ ಅರ್ಧ ಭಾಗವನ್ನು ಮಾತ್ರ ನೋಡಿ. ಅರ್ಧದ ಎಂಟ್ರೊಪಿಯೂ ಸೊನ್ನೆ ಬಂದರೆ ಎರಡು ಅರ್ಧಗಳ ನಡುವೆ ಹೆಣಿಗೆ ಇಲ್ಲ. ಸೊನ್ನೆಗಿಂತ ಹೆಚ್ಚು ಬಂದರೆ ಇದೆ. ಎಷ್ಟು ಹೆಚ್ಚೋ ಅಷ್ಟು ಹೆಣಿಗೆ. ಈ ಸಂಖ್ಯೆಯೇ ಸರಿಯಾದ ಅಳತೆ ಎಂದು ಬೆನೆಟ್ ಮತ್ತು ಸಂಗಡಿಗರು 1996ರಲ್ಲಿ ತೋರಿಸಿಕೊಟ್ಟರು.

ವಿಚಿತ್ರವೆಂದರೆ, ಬಹುಕಣ ವ್ಯವಸ್ಥೆಗಳಿಗೆ ಈ ಲೆಕ್ಕವನ್ನು ಮೊದಲು ಮಾಡಿದವರ ಕಣ್ಣಿದ್ದದ್ದು ಆಕಾಶದ ಮೇಲೆ. ಕಪ್ಪುಕುಳಿಯ ಎಂಟ್ರೊಪಿ ಅದರ ಗಾತ್ರಕ್ಕಲ್ಲ, ಹೊರಮೈಯ ವಿಸ್ತೀರ್ಣಕ್ಕೆ ಅನುಗುಣವಾಗಿರುವುದು ಏಕೆ ಎಂಬ ಒಗಟು ಇತ್ತು. 1986ರಲ್ಲಿ ಬೊಂಬೆಲ್ಲಿ, ಕೌಲ್, ಲೀ, ಸೋರ್ಕಿನ್ ಎಂಬ ನಾಲ್ವರು, 1993ರಲ್ಲಿ ಸ್ರೆಡ್ನಿಕಿ, ಖಾಲಿ ಜಾಗದ ಒಂದು ತುಣುಕಿಗೂ ಉಳಿದ ಜಾಗಕ್ಕೂ ನಡುವೆ ಇರುವ ಹೆಣಿಗೆಯನ್ನು ಲೆಕ್ಕ ಹಾಕಿದರು. ಅದೂ ಗಡಿಯ ವಿಸ್ತೀರ್ಣಕ್ಕೆ ಅನುಗುಣವಾಗಿಯೇ ಬಂತು. ಚಾಪೆಯನ್ನು ನೆನೆದರೆ ಇದು ಅರ್ಥವಾಗುತ್ತದೆ. ಚಾಪೆಯನ್ನು ಕತ್ತರಿಸಿದರೆ ತುಂಡಾಗುವ ಗರಿಗಳ ಸಂಖ್ಯೆ ಚಾಪೆ ಎಷ್ಟು ದೊಡ್ಡದು ಎಂಬುದರ ಮೇಲಲ್ಲ, ಕತ್ತರಿ ಓಡಿದ ಗೆರೆ ಎಷ್ಟು ಉದ್ದ ಎಂಬುದರ ಮೇಲೆ ನಿಂತಿದೆ. ಅಕ್ಕಪಕ್ಕದವರ ಜೊತೆ ಮಾತ್ರ ವ್ಯವಹರಿಸುವ ಕಣಗಳಲ್ಲಿ, ಶಕ್ತಿ ಅತ್ಯಂತ ಕಡಿಮೆ ಇರುವ ಸ್ಥಿತಿಯಲ್ಲಿ, ಸಾಮಾನ್ಯವಾಗಿ ಹೀಗೆಯೇ. ಅಪವಾದಗಳೇ ಹೆಚ್ಚು ಸ್ವಾರಸ್ಯ. ಒಂದು ಹಂತದಿಂದ ಇನ್ನೊಂದು ಹಂತಕ್ಕೆ ಬದಲಾಗುವ ಗಡಿಯಲ್ಲಿರುವ ಕಣಗಳ ಸಾಲಿನಲ್ಲಿ ಹೆಣಿಗೆ ನಿಧಾನವಾಗಿ ಏರುತ್ತಲೇ ಹೋಗುತ್ತದೆ ಎಂದು 2003ರಲ್ಲಿ ವಿದಾಲ್ ಮತ್ತಿತರರು ತೋರಿಸಿದರು. ಯಾವ ಸೂಕ್ಷ್ಮದರ್ಶಕಕ್ಕೂ ಕಾಣದ ಕೆಲವು ವಸ್ತುಸ್ಥಿತಿಗಳನ್ನು ಹೆಣಿಗೆಯ ಲೆಕ್ಕದಿಂದ ಮಾತ್ರ ಗುರುತಿಸಬಹುದು ಎಂದು 2006ರಲ್ಲಿ ಗೊತ್ತಾಯಿತು. ಸಿದ್ಧಾಂತಿಗಳ ಕಾಗದದ ಮೇಲೆ ಎಲ್ಲವೂ ಸೊಗಸಾಗಿತ್ತು.

ಪ್ರಯೋಗಶಾಲೆಯಲ್ಲಿ ಮಾತ್ರ ಯಾರೂ ಅಳೆದಿರಲಿಲ್ಲ. ಕಾರಣ ಸರಳ. ನಮ್ಮ ಯಾವ ಉಪಕರಣವೂ ಎಂಟ್ರೊಪಿಯನ್ನು ನೇರವಾಗಿ ಓದುವುದಿಲ್ಲ. ಕಣ ಎಲ್ಲಿದೆ, ಮೇಲೆ ಮುಖ ಮಾಡಿದೆಯೋ ಕೆಳಗೋ, ಇಷ್ಟನ್ನೇ ಅದು ಹೇಳುತ್ತದೆ. ಹೆಣಿಗೆಯನ್ನು ತಿಳಿಯಬೇಕಾದರೆ ಇಡೀ ಸ್ಥಿತಿಯನ್ನು ಅಂಕಿಅಂಕಿಯಾಗಿ ಬರೆದುಕೊಳ್ಳಬೇಕು. ಚದುರಂಗದ ಮನೆಗಳಲ್ಲಿ ಕಾಳನ್ನು ದುಪ್ಪಟ್ಟು ಮಾಡುತ್ತಾ ಹೋಗುವ ಕಥೆ ನಮಗೆಲ್ಲ ಗೊತ್ತು. ಅಲ್ ಬಿರೂನಿ ಆ ಮೊತ್ತವನ್ನು ಕಾಳು ಬಿಡದೆ ಲೆಕ್ಕ ಹಾಕಿ ಬರೆದಿಟ್ಟಿದ್ದಾರೆ: 18,446,744,073,709,551,615. ಎರಡೇ ಸ್ಥಿತಿಗಳಿರುವ 64 ಕಣಗಳ ವಿವರಣೆಗೆ ಬೇಕಾದ ಸಂಖ್ಯೆಗಳು ಇದಕ್ಕಿಂತ ಒಂದು ಹೆಚ್ಚು. ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ 2005ರಲ್ಲಿ ಕೇವಲ 8 ಅಯಾನುಗಳ ಸ್ಥಿತಿಯನ್ನು ಹೀಗೆ ಪೂರ್ತಿ ಬರೆದುಕೊಂಡರು. ಅದಕ್ಕೆ 6,561 ಬಗೆಯ ಅಳತೆಗಳನ್ನು ತಲಾ ನೂರು ಸಲ ಮಾಡಬೇಕಾಯಿತು; ಒಟ್ಟು 6,56,100 ಪ್ರಯೋಗ, ಸುಮಾರು ಹತ್ತು ಗಂಟೆ. ಅದೇ ದಾರಿಯಲ್ಲಿ 20 ಅಯಾನುಗಳಿಗೆ ಹೋದರೆ, ಅದೇ ವೇಗದಲ್ಲಿ, ಸುಮಾರು 600 ವರ್ಷ ಬೇಕು.

ಬಿಡಿಸುವ ಉಪಾಯ ಬಂದದ್ದು ಬೇರೆ ಕಡೆಯಿಂದ. ಸ್ಥಿತಿ ಏನೆಂದು ತಿಳಿಯುವ ಹಟವನ್ನೇ ಬಿಟ್ಟುಬಿಡಿ. ಒಂದೇ ರೀತಿ ತಯಾರಿಸಿದ ಎರಡು ಪ್ರತಿಗಳನ್ನು ಇಟ್ಟುಕೊಂಡು, ಅವೆರಡನ್ನು ಒಂದಕ್ಕೊಂದು ಹೋಲಿಸಿ. 2002ರಲ್ಲಿ ಎಕರ್ಟ್ ಮತ್ತು ಸಂಗಡಿಗರು ಈ ದಾರಿಯನ್ನು ಸೂಚಿಸಿದರು. 2004ರಲ್ಲಿ ಆಲ್ವೆಸ್ ಮತ್ತು ಯಾಕ್ಷ್, 2012ರಲ್ಲಿ ಡೇಲಿ, ಜೋಲರ್ ಮತ್ತಿತರರು ಅದನ್ನು ತಣ್ಣನೆಯ ಪರಮಾಣುಗಳಿಗೆ ಹೊಂದಿಸಿದರು. ಗೊತ್ತಿಲ್ಲದ ಕ್ವಾಂಟಂ ಸ್ಥಿತಿಯನ್ನು ನಕಲು ಮಾಡಲು ಬರುವುದಿಲ್ಲ ಎಂಬ ನಿಯಮವಿದೆ. ಆದರೆ ಇಲ್ಲಿ ನಕಲು ಮಾಡುವುದಿಲ್ಲ. ಒಂದೇ ಅಚ್ಚಿನಲ್ಲಿ ಎರಡು ಸಲ ಎರಕ ಹೊಯ್ದಂತೆ ಎರಡನ್ನೂ ಬೇರೆಬೇರೆಯಾಗಿ ತಯಾರಿಸುತ್ತಾರೆ.

ಹೋಲಿಸುವುದು ಹೇಗೆ? ಇಲ್ಲಿ ಢಾಕಾ ನೆನಪಾಗಬೇಕು. 1921ರಲ್ಲಿ ಶುರುವಾದ ಢಾಕಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಸತ್ಯೇಂದ್ರನಾಥ ಬೋಸ್ 1924ರಲ್ಲಿ ಐನ್‌ಸ್ಟೀನ್‌ಗೆ ಒಂದು ಲೇಖನ ಕಳಿಸಿದರು. ಐನ್‌ಸ್ಟೀನ್ ಅದನ್ನು ತಾವೇ ಜರ್ಮನ್‌ಗೆ ಅನುವಾದಿಸಿ ಪ್ರಕಟಿಸಿದರು. ಬೋಸ್ ಅವರ ಎಣಿಕೆಯ ಹಿಂದಿದ್ದ ಅರ್ಥ ಇಷ್ಟು: ಬೆಳಕಿನ ಕಣಗಳಿಗೆ ಹೆಸರಿಲ್ಲ, ಗುರುತುಚೀಟಿ ಇಲ್ಲ. ಇದು ಮೊದಲನೆಯದು ಅದು ಎರಡನೆಯದು ಎನ್ನಲು ಬರುವುದಿಲ್ಲ. ಅಂಥ ಕಣಗಳು ಒಟ್ಟಿಗೆ ಸೇರಲು ಒಲವು ತೋರುತ್ತವೆ. ಅವನ್ನು ಇಂದು ಬೋಸಾನ್ ಎನ್ನುತ್ತೇವೆ. ಬೋಸ್ ಹೆಣಿಗೆಯ ಬಗ್ಗೆ ಬರೆಯಲಿಲ್ಲ. ಇಲ್ಲದ ಕೀರ್ತಿಯನ್ನು ಅವರಿಗೆ ಹೊರಿಸುವುದು ಬೇಡ, ಇರುವುದೇ ಸಾಕಷ್ಟಿದೆ. ಆದರೆ ಅವರ ಆ ಎಣಿಕೆಯ ಫಲವೇ 1987ರಲ್ಲಿ ಅಮೆರಿಕದ ರೋಚೆಸ್ಟರ್‌ನಲ್ಲಿ ಹಾಂಗ್, ಊ, ಮ್ಯಾಂಡೆಲ್ ಮಾಡಿದ ಪ್ರಯೋಗದಲ್ಲಿ ಕಂಡದ್ದು. ಅರ್ಧ ಬೆಳಕನ್ನು ಬಿಟ್ಟು ಅರ್ಧವನ್ನು ಪ್ರತಿಫಲಿಸುವ ಗಾಜಿನ ಎರಡು ಬದಿಯಿಂದ ಎರಡು ಫೋಟಾನ್‌ಗಳನ್ನು ಬಿಟ್ಟರು. ಎರಡೂ ಎಲ್ಲ ರೀತಿಯಲ್ಲಿ ಒಂದೇ ಆಗಿದ್ದರೆ ಅವು ಆಚೆಗೊಂದು ಈಚೆಗೊಂದು ಹೋಗುವುದಿಲ್ಲ, ಯಾವಾಗಲೂ ಜೊತೆಯಾಗಿ ಒಂದೇ ಕಡೆ ಹೊರಬರುತ್ತವೆ. ಸ್ವಲ್ಪ ವ್ಯತ್ಯಾಸವಿದ್ದರೂ ಕೆಲವು ಸಲ ಬೇರೆಬೇರೆ ಹೋಗುತ್ತವೆ. ಎರಡು ವಸ್ತು ಒಂದೇ ಹೌದೋ ಅಲ್ಲವೋ ಎಂದು ಹೇಳುವ ತಕ್ಕಡಿ ಸಿಕ್ಕಂತಾಯಿತು.

ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕುಸ್ ಗ್ರೈನರ್ ಅವರ ಪ್ರಯೋಗಶಾಲೆಯಲ್ಲಿ ಈ ತಕ್ಕಡಿಗೆ ಬೇಕಾದ ಇನ್ನೊಂದು ಉಪಕರಣ ಮೊದಲೇ ಇತ್ತು. 2009ರಲ್ಲಿ ವಸೀಮ್ ಬಕ್ರ್ ಮೊದಲ ಲೇಖಕರಾಗಿದ್ದ ಪ್ರಬಂಧದಲ್ಲಿ ಆ ತಂಡ ಒಂದು ಸೂಕ್ಷ್ಮದರ್ಶಕವನ್ನು ವರ್ಣಿಸಿತ್ತು. ಲೇಸರ್ ಬೆಳಕಿನಿಂದ ಮೊಟ್ಟೆಯ ಟ್ರೇಯಂತೆ ಗುಳಿಗಳ ಸಾಲನ್ನು ಮಾಡುತ್ತಾರೆ. ಗುಳಿಯಿಂದ ಗುಳಿಗೆ 680 ನ್ಯಾನೋಮೀಟರ್. ಒಂದೊಂದು ಗುಳಿಯಲ್ಲಿ ಒಂದೊಂದು ರುಬಿಡಿಯಂ ಪರಮಾಣು. ಅವನ್ನು ಒಂದೊಂದಾಗಿ ಕಾಣಬಹುದು. ಆ ಯಂತ್ರಕ್ಕೆ ಒಂದು ಕೊರತೆಯಿತ್ತು. ಒಂದೇ ಗುಳಿಯಲ್ಲಿ ಎರಡು ಪರಮಾಣುಗಳಿದ್ದರೆ ಬೆಳಕು ಬಿದ್ದೊಡನೆ ಜೋಡಿ ಡಿಕ್ಕಿಯಾಗಿ ಹೊರಬೀಳುತ್ತಿದ್ದವು. ಹಾಗಾಗಿ ಎಷ್ಟಿವೆ ಎಂದು ಅದು ಹೇಳುತ್ತಿರಲಿಲ್ಲ, ಸಮವೋ ಬೆಸವೋ ಎಂಬುದನ್ನಷ್ಟೇ ಹೇಳುತ್ತಿತ್ತು. ಹೆಣಿಗೆಯ ಅಳತೆಗೆ ಬೇಕಾದದ್ದು ಸರಿಯಾಗಿ ಅಷ್ಟೇ ಆಗಿತ್ತು.

2015ರ ಡಿಸೆಂಬರ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಆ ಪ್ರಬಂಧದ ಮೊದಲ ಹೆಸರು ರಾಜಿಬುಲ್ ಇಸ್ಲಾಂ. ಅವರು ಮುಂದೆ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ತಂಡ ಮಾಡಿದ್ದು ಇದು. ಅಕ್ಕಪಕ್ಕ ಎರಡು ಸಾಲು, ಒಂದೊಂದರಲ್ಲಿ ನಾಲ್ಕು ಗುಳಿ, ನಾಲ್ಕು ಪರಮಾಣು. ಮೊದಲು ಗುಳಿಗಳ ನಡುವಿನ ದಿಣ್ಣೆ ಎತ್ತರವಾಗಿದ್ದು ಪರಮಾಣುಗಳು ತಂತಮ್ಮ ಜಾಗದಲ್ಲೇ ಇರುತ್ತವೆ. ಆಗ ಹೆಣಿಗೆ ಇಲ್ಲ. ಬಳಿಕ ಸಾಲಿನ ಉದ್ದಕ್ಕೂ ದಿಣ್ಣೆಯನ್ನು ತಗ್ಗಿಸುತ್ತಾರೆ. ಪರಮಾಣುಗಳು ಅತ್ತಿತ್ತ ಹರಡಿಕೊಳ್ಳುತ್ತವೆ, ಸಾಲಿನ ಒಳಗೆ ಹೆಣಿಗೆ ಮೂಡುತ್ತದೆ. ಆಮೇಲೆ ಆ ಚಲನೆಯನ್ನು ತಡೆದು, ಎರಡು ಸಾಲುಗಳ ನಡುವಿನ ಗೋಡೆಯನ್ನು ಲೆಕ್ಕದ ಸಮಯದವರೆಗೆ ಮಾತ್ರ ತಗ್ಗಿಸಿ ಮತ್ತೆ ಎತ್ತುತ್ತಾರೆ. ಆ ಗೋಡೆಯೇ ಇಲ್ಲಿ ಅರ್ಧ ಬೆಳಕಿನ ಗಾಜು. ಕೊನೆಗೆ ಸೂಕ್ಷ್ಮದರ್ಶಕದಲ್ಲಿ ಒಂದು ಸಾಲನ್ನು ನೋಡಿ ಸಮವೋ ಬೆಸವೋ ಎಂದು ಎಣಿಸುತ್ತಾರೆ. ಇದನ್ನೇ ಮತ್ತೆ ಮತ್ತೆ ಮಾಡುತ್ತಾರೆ.

ಇಡೀ ಸಾಲನ್ನು ಎಣಿಸಿದಾಗ ಯಾವಾಗಲೂ ಸಮ ಬರುತ್ತಿದ್ದರೆ ಇಡೀ ಸ್ಥಿತಿ ಶುದ್ಧ. ಈಗ ಅರ್ಧ ಸಾಲನ್ನು ಮಾತ್ರ ಎಣಿಸಿ. ನೂರು ಸಲದಲ್ಲಿ 75 ಸಲ ಸಮ, 25 ಸಲ ಬೆಸ ಬಂತೆನ್ನಿ. 75ರಿಂದ 25 ಕಳೆದರೆ 50. ಆ ಅರ್ಧದ ಶುದ್ಧತೆ ನೂರಕ್ಕೆ ಐವತ್ತು. (ಈ ಅಂಕಿ ನಾನು ಉದಾಹರಣೆಗೆ ಕೊಟ್ಟದ್ದು.) ಹೀಗೆ ಸಮ ಬೆಸದ ಎಣಿಕೆಯಿಂದ, ಸ್ಥಿತಿಯ ವಿವರವನ್ನು ಕೇಳದೆಯೇ, ಎಂಟ್ರೊಪಿಯ ಒಂದು ರೂಪ ಸಿಕ್ಕಿಬಿಡುತ್ತದೆ. ನಿಜವಾದ ಪ್ರಯೋಗದಲ್ಲಿ ಇಡಿಯ ಶುದ್ಧತೆಯೂ ಪೂರ್ತಿ ನೂರು ಇರುವುದಿಲ್ಲ, ಕುಂದುಗಳು ಸೇರಿಕೊಳ್ಳುತ್ತವೆ. ಆದರೂ ಅರ್ಧದ ಶುದ್ಧತೆ ಇಡಿಯದಕ್ಕಿಂತ ಕಡಿಮೆ ಬಂತು. ಮನೆಯ ಲೆಕ್ಕದ ಲೋಕದಲ್ಲಿ ಹೀಗಾಗಲು ಸಾಧ್ಯವಿಲ್ಲ. 1935ರಲ್ಲಿ ಶ್ರೋಡಿಂಗರ್ ಬರೆದ ವಾಕ್ಯ ನಾಲ್ಕು ಪರಮಾಣುಗಳ ಮೇಲೆ ಒಂದು ಸಂಖ್ಯೆಯಾಗಿ ಕಂಡಿತು.

ಮರುವರ್ಷವೇ ಅದೇ ಪ್ರಯೋಗಶಾಲೆ ಆರು ಪರಮಾಣುಗಳೊಂದಿಗೆ ಇನ್ನೂ ಹಳೆಯ ಒಗಟಿಗೆ ಕೈ ಹಾಕಿತು. ಹೊರಗಿನ ಸಂಪರ್ಕವೇ ಇಲ್ಲದ ವ್ಯವಸ್ಥೆಯಲ್ಲಿ ಬಿಸಿ ಎಂಬುದು ಹುಟ್ಟುವುದು ಎಲ್ಲಿಂದ? ಕ್ವಾಂಟಂ ನಿಯಮದಂತೆ ಶುದ್ಧ ಸ್ಥಿತಿ ಶುದ್ಧವಾಗಿಯೇ ಉಳಿಯಬೇಕು, ಎಂಟ್ರೊಪಿ ಏರುವಂತಿಲ್ಲ. ಆದರೆ ಬಿಸಿಯಾದ ವಸ್ತುವಿನಲ್ಲಿ ಎಂಟ್ರೊಪಿ ಇರಲೇಬೇಕು. ಕೌಫ್‌ಮನ್ ಮತ್ತು ಸಂಗಡಿಗರು 2016ರಲ್ಲಿ ಕಂಡದ್ದು: ಇಡೀ ವ್ಯವಸ್ಥೆ ಶುದ್ಧವಾಗಿಯೇ ಉಳಿದಿತ್ತು, ಆದರೆ ಅದರ ಸಣ್ಣ ತುಣುಕುಗಳು ನೋಡುವವರಿಗೆ ಬಿಸಿಯಾದಂತೆ ವರ್ತಿಸುತ್ತಿದ್ದವು. ತುಣುಕಿನ ಆ ಎಂಟ್ರೊಪಿ ಉಳಿದವುಗಳ ಜೊತೆಗಿನ ಹೆಣಿಗೆಯಿಂದ ಬಂದದ್ದು. ನನ್ನ ಮಟ್ಟಿಗೆ ಈ ಇಡೀ ಇತಿಹಾಸದಲ್ಲಿ ಅತ್ಯಂತ ಆಳವಾದ ಪ್ರಯೋಗ ಇದು. ನೊಬೆಲ್ ಸುದ್ದಿಗಳ ಗದ್ದಲದಲ್ಲಿ ಇದರ ಹೆಸರು ಕೇಳುವುದು ಕಡಿಮೆ.

ಎರಡು ಪ್ರತಿ ತಯಾರಿಸುವುದು ಎಲ್ಲ ಯಂತ್ರಗಳಿಗೂ ಸುಲಭವಲ್ಲ. 2019ರಲ್ಲಿ ಇನ್ಸ್‌ಬ್ರುಕ್‌ನ ತಂಡ ಒಂದೇ ಪ್ರತಿಯಲ್ಲಿ ಕೆಲಸ ಮುಗಿಸುವ ದಾರಿ ತೋರಿಸಿತು. ಪ್ರತಿ ಅಯಾನನ್ನು ಮನಬಂದಂತೆ ತಿರುಗಿಸಿ ಅಳೆಯುವುದು, ಮತ್ತೆ ಬೇರೆ ರೀತಿ ತಿರುಗಿಸಿ ಅಳೆಯುವುದು. ಫಲಿತಾಂಶಗಳ ನಡುವಿನ ಹೊಂದಾಣಿಕೆಯಿಂದ ಶುದ್ಧತೆಯನ್ನು ಲೆಕ್ಕ ಹಾಕುವುದು. ಹತ್ತು ಅಯಾನುಗಳವರೆಗಿನ ಭಾಗಗಳ ಹೆಣಿಗೆಯನ್ನು ಅವರು ಹೀಗೆ ಅಳೆದರು. ಇನ್ಸ್‌ಬ್ರುಕ್ ಇರುವುದು ಟಿರೋಲ್ ಪ್ರಾಂತದಲ್ಲಿ. ದೇಶಾಂತರ ಮುಗಿಸಿ 1956ರಲ್ಲಿ ಆಸ್ಟ್ರಿಯಾಕ್ಕೆ ಮರಳಿದ ಶ್ರೋಡಿಂಗರ್ 1961ರಲ್ಲಿ ತೀರಿಕೊಂಡರು. ಅವರ ಸಮಾಧಿ ಅದೇ ಪ್ರಾಂತದ ಆಲ್ಪ್‌ಬಾಖ್ ಎಂಬ ಹಳ್ಳಿಯಲ್ಲಿದೆ.

ಕ್ವಾಂಟಂ ಕಂಪ್ಯೂಟರ್ ಕಟ್ಟುವವರಿಗೆ ಈ ಅಳತೆ ಈಗ ದಿನನಿತ್ಯದ ಪರೀಕ್ಷೆಯಾಗುತ್ತಿದೆ. ತಮ್ಮ ಯಂತ್ರದಲ್ಲಿ ಹೆಣಿಗೆ ನಿಜಕ್ಕೂ ಇದೆಯೇ, ಅಥವಾ ಬರೀ ಗದ್ದಲವೇ ಎಂದು ತಿಳಿಯಲು ಬೇರೆ ದಾರಿ ಕಡಿಮೆ. ಆದರೆ ಚದುರಂಗದ ಕಾಳು ಇನ್ನೂ ಬೆನ್ನು ಬಿಟ್ಟಿಲ್ಲ. ಹೊಸ ಉಪಾಯಗಳಲ್ಲಿ ದುಪ್ಪಟ್ಟಾಗುವ ವೇಗ ತಗ್ಗಿದೆ, ದುಪ್ಪಟ್ಟಾಗುವುದು ನಿಂತಿಲ್ಲ. ಭಾಗ ದೊಡ್ಡದಾಗಿ ಹೆಣಿಗೆ ಹೆಚ್ಚಿದಷ್ಟೂ ಅದರ ಶುದ್ಧತೆ ಸೊನ್ನೆಗೆ ಹತ್ತಿರವಾಗುತ್ತದೆ. ಸಮ ಬರುವುದಕ್ಕೂ ಬೆಸ ಬರುವುದಕ್ಕೂ ಇರುವ ಅಂತರ ಕೂದಲೆಳೆಯಷ್ಟಾಗುತ್ತದೆ, ಅದನ್ನು ಹಿಡಿಯಲು ಲಕ್ಷಾಂತರ ಸಲ ಎಣಿಸಬೇಕಾಗುತ್ತದೆ. ಹತ್ತು ಕಣಗಳಿಗೆ ಸಾಧ್ಯವಾದದ್ದು ನೂರು ಕಣಗಳ ಯಾವ ಹೆಣಿಗೆಗಾದರೂ ಆಗುತ್ತದೆ ಎನ್ನುವ ಹಾಗಿಲ್ಲ. ಅಲ್ಲಿಗೆ ಇನ್ನೊಂದು ಉಪಾಯ ಬೇಕು.